ಎಲೆಯಲ್ಲದ ಎಲೆ: ಧಾರವಾಡದ ಒಂದು ಶಿಲಾ ಮತ್ತು ಪಳೆಯುಳಿಕೆ ಪ್ರದರ್ಶನದ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ನಡೆದದ್ದು ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಒಂದು ಶಿಕ್ಷಣ ಸಂಸ್ಥೆಯ ಆವರಣದಲ್ಲಿ. ಸಂಸ್ಥೆಯ ಹೆಸರನ್ನೂ ಅಲ್ಲಿ ಕೆಲಸ ಮಾಡಿದವರ ಹೆಸರುಗಳನ್ನೂ ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಫಲಕಗಳ ಬರವಣಿಗೆಯನ್ನು ನೋಡಿಕೊಳ್ಳುವ ಮತ್ತು ಯಾವ ಕಲ್ಲು ಎಲ್ಲಿರಬೇಕೆಂದು ತೀರ್ಮಾನಿಸುವ ಸಣ್ಣ ಸಮಿತಿಯಲ್ಲಿ ನಾನೂ ಒಬ್ಬನಾಗಿದ್ದೆನಾದ್ದರಿಂದ, ಮುಂದೆ ಬರುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ.

ಸಂಸ್ಥೆಯ ಹಳೆಯ ಕಟ್ಟಡದಲ್ಲಿ ಉದ್ದನೆಯ ಒಂದು ಕೋಣೆ ಖಾಲಿ ಬಿದ್ದಿತ್ತು. ಅದರ ಗೋಡೆಗಂಟಿ ನಾಲ್ಕು ತೇಗದ ಕಪಾಟುಗಳಿದ್ದವು. ಒಂದು ಕಾಲದಲ್ಲಿ ಭೂವಿಜ್ಞಾನದ ಪಾಠಕ್ಕೆಂದು ಕೂಡಿಟ್ಟ ಶಿಲೆ, ಖನಿಜ, ಪಳೆಯುಳಿಕೆಗಳು ಅವುಗಳೊಳಗೆ ಧೂಳು ಹಿಡಿದು ಕೂತಿದ್ದವು. ಆಡಳಿತ ಮಂಡಳಿಯವರು ಆ ಕೋಣೆಯನ್ನು ಶಾಲಾ ಮಕ್ಕಳೂ ಊರಿನವರೂ ಬಂದು ನೋಡುವಂಥ ಪ್ರದರ್ಶನವಾಗಿ ಮಾಡಬೇಕೆಂದು ನಿರ್ಧರಿಸಿದರು. ಉದ್ದೇಶ ಒಳ್ಳೆಯದೇ ಆಗಿತ್ತು, ಜಾಗವೂ ಸರಿಯಾಗಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ದಕ್ಷಿಣ ಭಾರತದ ಬಂಗಾರ ಹೊತ್ತ ಪುರಾತನ ಶಿಲಾಸರಣಿಗೆ ಧಾರವಾಡದ ಹೆಸರನ್ನೇ ಇಟ್ಟ ಮೇಲೆ, ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಗೂ ಈ ಊರಿನ ಹೆಸರು ಪರಿಚಿತ. ಕರ್ನಾಟಕದ ಬಹುಭಾಗ ನಿಂತಿರುವ ಪ್ರಾಚೀನ ಭೂಖಂಡದ ತುಣುಕನ್ನು ಇಂದಿಗೂ ಧಾರವಾರ್ ಕ್ರೇಟಾನ್ ಎಂದೇ ಕರೆಯುತ್ತಾರೆ. ಊರಿನೊಳಗೆ ಮಾತ್ರ ಪೇಢೆಯ ಹೆಸರು ಗೊತ್ತಿರುವಷ್ಟು ಕಲ್ಲಿನ ಹೆಸರು ಗೊತ್ತಿಲ್ಲ.

ತೊಡಕು

ಕೆಲಸ ಶುರುವಾಗುವ ಮೊದಲು ಪಕ್ಕದ ಎರಡು ಪ್ರೌಢಶಾಲೆಗಳ ಮಕ್ಕಳನ್ನು ಆ ಧೂಳಿನ ಕಪಾಟುಗಳ ಮುಂದೆ ಸುಮ್ಮನೆ ಬಿಟ್ಟು ನೋಡಿದೆವು. ಒಳಗೆ ಕಾಲಿಟ್ಟ ಕೂಡಲೇ ಬಂದ ಮೊದಲ ಪ್ರಶ್ನೆ, ‘ಡೈನೋಸಾರ್ ಎಲ್ಲೈತ್ರಿ ಸರ?’ ಎಂಬುದು. ಎರಡನೆಯ ಶಾಲೆಯವರೂ ಅದನ್ನೇ ಕೇಳಿದರು.

ನಮ್ಮ ತೊಡಕಿನ ಬೇರು ಈ ಪ್ರಶ್ನೆಯಲ್ಲಿಯೇ ಇತ್ತು. ಧಾರವಾಡ, ಗದಗ, ಹಾವೇರಿಗಳ ಕೆಳಗಿರುವ ಶಿಲೆಗಳು ಬಹುಪಾಲು 250 ಕೋಟಿ ವರ್ಷಗಳಿಗಿಂತ ಹಳೆಯವು. ಹಾವೇರಿ ಜಿಲ್ಲೆಯ ರಾಣೇಬೆನ್ನೂರಿನ ಹೆಸರು ಹೊತ್ತ ಶಿಲಾಸ್ತೋಮವೊಂದಿದೆ. ಅದರಲ್ಲಿ ಸಿಗುವ ಗ್ರೇವ್ಯಾಕ್ ಎಂಬ ಒರಟು ಮರಳುಗಲ್ಲು ಕಡಲ ತಳದಲ್ಲಿ ಶೇಖರವಾದಾಗ ಭೂಮಿಯ ಮೇಲೆ ಎಲುಬಿನ ಪ್ರಾಣಿಯಿರಲಿ, ಕಣ್ಣಿಗೆ ಕಾಣುವ ಹುಳುವೂ ಇರಲಿಲ್ಲ. ಇಲ್ಲಿ ಡೈನೋಸಾರ್ ಎಲುಬನ್ನು ಹುಡುಕುವುದೆಂದರೆ ಮುತ್ತಜ್ಜನ ಜಾತಕದಲ್ಲಿ ಮರಿಮೊಮ್ಮಗನ ಮದುವೆಯ ಫೋಟೋ ಹುಡುಕಿದಂತೆ. ಆದರೆ ಬರುವವರು ಹುಡುಕುವುದು ಅದನ್ನೇ. ಇರುವ ಕಲ್ಲುಗಳಲ್ಲಿ ನೋಡಲು ಏನೂ ಇಲ್ಲವೆಂದು ಅವರಿಗೆ ತೋರುತ್ತಿತ್ತು. ನೋಡಬೇಕಾದದ್ದು ಬಹಳವಿದೆಯೆಂದು ಗೊತ್ತಿದ್ದ ನಮಗೆ ಅದನ್ನು ತೋರಿಸುವ ಬಗೆ ಗೊತ್ತಿರಲಿಲ್ಲ.

ಸಮಿತಿಯಲ್ಲಿ ಆಗಲೇ ಎರಡು ಪಕ್ಷಗಳಾದವು. ಬಾಗಿಲಲ್ಲಿ ಫೈಬರ್‌ನ ದೊಡ್ಡದೊಂದು ಡೈನೋಸಾರ್ ನಿಲ್ಲಿಸಿದರೆ ಮಕ್ಕಳು ತಾವೇ ಬರುತ್ತಾರೆ, ಬಂದವರಿಗೆ ಕಲ್ಲು ತೋರಿಸಿದರಾಯಿತು ಎಂಬುದು ಸಂಸ್ಥೆಯ ಕಾರ್ಯದರ್ಶಿಗಳ ಅಭಿಪ್ರಾಯ. ಇಲ್ಲಿ ಇಲ್ಲದ್ದನ್ನು ಬಾಗಿಲಲ್ಲಿ ನಿಲ್ಲಿಸುವುದು ಮೊದಲ ಹೆಜ್ಜೆಯಲ್ಲೇ ತಪ್ಪು ತಿಳಿವಳಿಕೆ ಕೊಟ್ಟಂತೆ ಎಂಬುದು ಭೂವಿಜ್ಞಾನದ ಉಪನ್ಯಾಸಕಿಯವರ ಅಭಿಪ್ರಾಯ. ಆ ಹೊತ್ತಿಗೆ ನನಗೆ ಇಬ್ಬರ ಮಾತೂ ಸರಿ ಎನಿಸಿತ್ತು. ಸಮಿತಿಯಲ್ಲಿ ಕೂತವನಿಗೆ ಅದು ಒಳ್ಳೆಯ ಲಕ್ಷಣವಲ್ಲ.

ಮೊದಲ ರೂಪ ಮತ್ತು ಅದರ ಸೋಲು

ಮೊದಲ ರೂಪದಲ್ಲಿ ಡೈನೋಸಾರ್ ಬರಲಿಲ್ಲ, ದುಡ್ಡಿನ ಕಾರಣಕ್ಕೆ. ಗೋಡೆಯ ಉದ್ದಕ್ಕೂ ಭೂಮಿಯ ಕಾಲಮಾನದ ಪಟ್ಟಿ, ಅದರ ಕೆಳಗೆ ಗಾಜಿನೊಳಗೆ ಶಿಲೆಗಳು, ಪ್ರತಿಯೊಂದಕ್ಕೂ ಒಂದು ಫಲಕ. ಫಲಕಗಳ ಪಠ್ಯವನ್ನು ನಾವು ಇಂಗ್ಲಿಷ್ ಟಿಪ್ಪಣಿಗಳಿಂದ ಅನುವಾದಿಸಿದ್ದೆವು. ಅಗ್ನಿಶಿಲೆ, ಪದರು ಶಿಲೆ, ರೂಪಾಂತರ ಶಿಲೆ ಎಂಬ ಪಠ್ಯಪುಸ್ತಕದ ಮಾತುಗಳು ಮಕ್ಕಳಿಗೆ ಗೊತ್ತಿದ್ದವು. ಗೊತ್ತಿದ್ದ ಮಾತು ಕಂಡೊಡನೆ ಪರೀಕ್ಷೆಗೆ ಓದಿದ್ದು ನೆನಪಾಗಿ ಮುಂದಿನ ಸಾಲಿಗೆ ಅವರು ಹೋಗುತ್ತಲೇ ಇರಲಿಲ್ಲ. ದೊಡ್ಡವರು ಫಲಕದ ಮೊದಲ ಸಾಲು ಓದಿ, ಕಲ್ಲನ್ನೊಮ್ಮೆ ನೋಡಿ, ಫ್ಯಾನಿನ ಕೆಳಗೆ ಹೋಗಿ ನಿಲ್ಲುತ್ತಿದ್ದರು.

ಅದಕ್ಕಿಂತ ದೊಡ್ಡ ಎಡವಟ್ಟು ಅಂಕಿಯಲ್ಲಾಯಿತು. ಧಾರವಾಡದ ಶಿಲೆಯ ವಯಸ್ಸು 2.6 ಬಿಲಿಯನ್ ವರ್ಷ ಎಂದಿದ್ದುದನ್ನು ಕನ್ನಡಕ್ಕೆ ತರುವಾಗ ಯಾರೋ, ಬಹುಶಃ ನಾನೇ, 26 ಕೋಟಿ ಎಂದು ಬರೆದೆವು. ಆಗಬೇಕಿದ್ದುದು 260 ಕೋಟಿ. ಮೂವರು ತಿದ್ದುಪಡಿ ನೋಡಿದ್ದರೂ ಯಾರ ಕಣ್ಣಿಗೂ ಅದು ಬೀಳಲಿಲ್ಲ. ಫಲಕ ಮುದ್ರಣವಾಗಿ ಗೋಡೆಗೇರಿದ ಮೂರನೆಯ ವಾರದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪಕ್ಕದ ಫಲಕದಲ್ಲಿ ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ ಎಂದು ಓದಿ, ಎರಡನ್ನೂ ಮತ್ತೊಮ್ಮೆ ನೋಡಿ, ‘ಹಂಗಾದ್ರ ನಮ್ಮ ಧಾರವಾಡದ ಕಲ್ಲು, ಡೈನೋಸಾರು ಹೆಚ್ಚೂಕಡಿಮಿ ಒಂದ ಟೈಮಿನ್ಯಾಗ ಹುಟ್ಟ್ಯಾವೇನ್ರಿ?’ ಎಂದು ಕೇಳಿದಳು. ಪ್ರದರ್ಶನದ ಆರಂಭದ ದಿನಗಳಲ್ಲಿ ಫಲಕಗಳನ್ನು ನಿಜವಾಗಿ ಓದಿದವಳು ಆಕೆಯೊಬ್ಬಳೇ ಎಂದು ನನ್ನ ಅನುಮಾನ.

ಈ ಪ್ರಶ್ನೆ ನಮ್ಮನ್ನು ಎರಡು ನಿರ್ಧಾರಗಳಿಗೆ ನೂಕಿತು. ಮೊದಲನೆಯದು, ಮಿಲಿಯನ್, ಬಿಲಿಯನ್, ದಶಲಕ್ಷ, ಶತಕೋಟಿಗಳನ್ನು ಪೂರ್ತಿಯಾಗಿ ಕೈಬಿಟ್ಟು, ಎಲ್ಲ ವಯಸ್ಸನ್ನೂ ಕೋಟಿಯಲ್ಲೇ ಹೇಳುವುದು. ಜಮೀನಿನ ದರದಿಂದ ಹಿಡಿದು ಸರ್ಕಾರದ ಬಜೆಟ್ಟಿನವರೆಗೆ ನಮ್ಮ ಜನ ದೊಡ್ಡದನ್ನು ಎಣಿಸುವುದು ಕೋಟಿಯಲ್ಲಿ. ಅಲ್ಲಿ ಸೊನ್ನೆ ತಪ್ಪಿದರೆ ಥಟ್ಟನೆ ಗೊತ್ತಾಗುತ್ತದೆ. ಎರಡನೆಯದು, ಗೋಡೆಯ ಮೇಲಿನ ಪಟ್ಟಿಯನ್ನು ಕಿತ್ತು, ಅದರ ಜಾಗದಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವ ರಸ್ತೆಯನ್ನು ಬಿಡಿಸುವುದು.

ಆ ರಸ್ತೆಯ ಉದ್ದ 20 ಕಿಲೋಮೀಟರ್ ಎಂದು ಹಿಡಿದೆವು. ಹುಬ್ಬಳ್ಳಿಯಲ್ಲಿ ಚಿಗರಿ ಬಸ್ಸು ಹತ್ತುವಾಗ ಭೂಮಿ ಹುಟ್ಟಿತು, ಧಾರವಾಡದಲ್ಲಿ ಇಳಿಯುವಾಗ ಇವತ್ತು. ಭೂಮಿಯ ವಯಸ್ಸು ಸುಮಾರು 460 ಕೋಟಿ ವರ್ಷವಾದ್ದರಿಂದ ಒಂದು ಕಿಲೋಮೀಟರಿಗೆ 23 ಕೋಟಿ ವರ್ಷ. ಉಣಕಲ್ಲಿನ ಆಸುಪಾಸು ಬರುವ ಹೊತ್ತಿಗೆ ಸೂಕ್ಷ್ಮಜೀವಿಗಳು ಕಡಲಂಚಿನಲ್ಲಿ ಪದರ ಪದರವಾಗಿ ಬೆಳೆದು ಬಿಟ್ಟುಹೋದ ಅತ್ಯಂತ ಹಳೆಯ ಗುರುತುಗಳು ಸಿಗುತ್ತವೆ. ಅವು ಪಶ್ಚಿಮ ಆಸ್ಟ್ರೇಲಿಯಾದ ಸುಮಾರು 345 ಕೋಟಿ ವರ್ಷಗಳ ಶಿಲೆಗಳಲ್ಲಿ ಇವೆ. ನವನಗರದ ಹತ್ತಿರ ಬಂದಾಗ ಧಾರವಾಡದ ಕಲ್ಲು ಹುಟ್ಟುತ್ತದೆ. ಅಲ್ಲಿಂದ ಮುಂದೆ ಬಸ್ಸು ಎಷ್ಟು ಓಡಿದರೂ ಕಿಟಕಿಯ ಹೊರಗೆ ಪ್ರಾಣಿ ಕಾಣುವುದಿಲ್ಲ. ಧಾರವಾಡದ ಊರೊಳಗೆ ಹೊಕ್ಕು, ಇಳಿಯಲು ಎರಡೂ ಚಿಲ್ಲರೆ ಕಿಲೋಮೀಟರ್ ಉಳಿದಾಗ ಕಡಲಲ್ಲಿ ಚಿಪ್ಪಿನ ಪ್ರಾಣಿಗಳ ಗದ್ದಲ ಶುರುವಾಗುತ್ತದೆ. ಕೊನೆಯ ಒಂದು ಕಿಲೋಮೀಟರಿಗೆ ಡೈನೋಸಾರ್ ಹತ್ತುತ್ತದೆ, ನಿಲ್ದಾಣ ಇನ್ನೂ 290 ಮೀಟರ್ ಇರುವಾಗಲೇ ಇಳಿದುಬಿಡುತ್ತದೆ. ನಮ್ಮ ಮನುಷ್ಯ ಜಾತಿಯ ಸುಮಾರು 3 ಲಕ್ಷ ವರ್ಷದ ಇತಿಹಾಸವೆಲ್ಲ ಬಸ್ಸಿನ ಬಾಗಿಲಿಗೂ ನಿಲ್ದಾಣದ ಕಟ್ಟೆಗೂ ನಡುವಿನ ಒಂದೂಕಾಲು ಮೀಟರಿನ ಹೆಜ್ಜೆ.

ಈ ಚಿತ್ರ ಗೋಡೆಗೆ ಬಂದ ಮೇಲೆ ಜನ ಅದರ ಮುಂದೆ ನಿಲ್ಲತೊಡಗಿದರು. ತಮ್ಮ ಮನೆಯ ಹತ್ತಿರದ ನಿಲ್ದಾಣದಲ್ಲಿ ಯಾವ ಕಾಲ ನಡೆದಿತ್ತೆಂದು ಬೆರಳಿಟ್ಟು ಹುಡುಕುತ್ತಿದ್ದರು. ಡೈನೋಸಾರ್ ವಿವಾದವೂ ಅರ್ಧ ಇದರಿಂದಲೇ ತೀರಿತು. ಬಾಗಿಲಿನ ಫೈಬರ್ ಪ್ರಾಣಿಗೆ ಬದಲಾಗಿ ಕೋಣೆಯ ನಡುವೆ ಒಂದು ಮೇಜಿಟ್ಟು, ನರ್ಮದಾ ಕಣಿವೆಯಲ್ಲಿ ಸಿಕ್ಕಂಥ, ಟೈಟನೊಸಾರ್ ಎಂಬ ಡೈನೋಸಾರ್‌ನ ಮೊಟ್ಟೆಯ ಪ್ಲಾಸ್ಟರ್ ಅಚ್ಚೊಂದನ್ನು ಧಾರವಾಡದ ಗ್ರೇವ್ಯಾಕ್ ಕಲ್ಲಿನ ಪಕ್ಕದಲ್ಲಿ ಕೂಡಿಸಿದೆವು. ‘ಈ ಮೊಟ್ಟೆ ಇಲ್ಲಿ ಏಕೆ ಸಿಗುವುದಿಲ್ಲ?’ ಎಂಬ ಪ್ರಶ್ನೆಯಷ್ಟೇ ಫಲಕದಲ್ಲಿತ್ತು. ಉತ್ತರ ಬೇಕಾದವರು ಬಸ್ಸಿನ ಗೋಡೆಗೆ ಹೋಗಬೇಕು. ಕಾರ್ಯದರ್ಶಿಗಳು ಒಪ್ಪಿದರು. ತೆಂಗಿನಕಾಯಿಯಷ್ಟು ದೊಡ್ಡ ಮೊಟ್ಟೆ ಅವರಿಗೂ ಹಿಡಿಸಿತ್ತು.

ಚೀಟಿ ಇದ್ದವು, ಚೀಟಿ ಇಲ್ಲದವು

ಹಳೆಯ ಕಪಾಟುಗಳನ್ನು ಬರಿದು ಮಾಡಿ ನೋಡಿದಾಗ ಮತ್ತೊಂದು ಸಮಸ್ಯೆ ಎದುರಾಯಿತು. ಪಳೆಯುಳಿಕೆಗಳಲ್ಲಿ ಕೆಲವಕ್ಕೆ ಮಾತ್ರ ಎಲ್ಲಿ ಸಿಕ್ಕಿತೆಂಬ ಚೀಟಿ ಉಳಿದಿತ್ತು. ಮಸಿ ಮಾಸಿದ ಒಂದು ಚೀಟಿಯಲ್ಲಿ ತಮಿಳುನಾಡಿನ ಅರಿಯಲೂರು ಎಂದಿತ್ತು, ಮತ್ತೊಂದರಲ್ಲಿ ಕಛ್. ಉಳಿದವುಗಳ ಚೀಟಿಗಳನ್ನು ಗೆದ್ದಲೋ ಜಿರಲೆಯೋ ತಿಂದು ಮುಗಿಸಿದ್ದವು. ಪಳೆಯುಳಿಕೆಯ ಸಂಶೋಧನೆಯಲ್ಲಿ ವಸ್ತುವಿನಷ್ಟೇ ಬೆಲೆ ಅದು ಸಿಕ್ಕ ಜಾಗಕ್ಕೂ ಪದರಕ್ಕೂ ಇದೆ. ಅಮ್ಮೊನೈಟ್ ಎಂಬ, ಈಗ ಅಳಿದುಹೋದ ಕಡಲ ಪ್ರಾಣಿಯ ಸುರುಳಿ ಚಿಪ್ಪು ಕೂಡ ಊರು, ಹಳ್ಳ, ಪದರ ಗೊತ್ತಿಲ್ಲದಿದ್ದರೆ ಸುಂದರವಾದ ಕಲ್ಲು ಮಾತ್ರ. ಅದರಿಂದ ಕಾಲವನ್ನೂ ಕಡಲನ್ನೂ ಓದಲಾಗದು.

ಉಪನ್ಯಾಸಕಿಯವರು ಇಲ್ಲಿ ತೆಗೆದುಕೊಂಡ ನಿರ್ಧಾರ ನನಗೆ ಈಗಲೂ ಬಹಳ ಜಾಣತನದ್ದೆನಿಸುತ್ತದೆ. ಚೀಟಿ ಇದ್ದವು ಗಾಜಿನೊಳಗೆ, ಚೀಟಿ ಇಲ್ಲದವು ಮಕ್ಕಳು ಮುಟ್ಟುವ ಮೇಜಿನ ಮೇಲೆ. ಸಂಶೋಧನೆಗೆ ಒದಗದ ವಸ್ತು ಕೈಗಾದರೂ ಒದಗಲಿ ಎಂಬುದು ಅವರ ಲೆಕ್ಕ. ಗಾಜಿನೊಳಗಿನ ಪ್ರತಿ ಪಳೆಯುಳಿಕೆಯ ಪಕ್ಕದಲ್ಲಿ ಅದರ ಹಳೆಯ ಚೀಟಿಯನ್ನೂ, ಮಾಸಿದ್ದರೆ ಮಾಸಿದಂತೆಯೇ, ಇಟ್ಟೆವು. ಕಪ್ಪತ್ತಗುಡ್ಡದ ಪಟ್ಟೆ ಪಟ್ಟೆ ಕಬ್ಬಿಣದ ಶಿಲೆ ಬೇಕಾದಾಗಲೂ ಹಳೆಯ ಸಂಗ್ರಹದ ತುಂಡನ್ನೇ ಬಳಸಿದೆವು. 2019ರಿಂದ ಅದು ವನ್ಯಜೀವಿ ಧಾಮ. ಅಲ್ಲಿಂದ ಕಲ್ಲು ಹೊತ್ತು ತರುವುದು ಪ್ರದರ್ಶನ ಕಲಿಸಬೇಕಾದ ಶಿಸ್ತಿಗೇ ವಿರುದ್ಧವಾಗುತ್ತಿತ್ತು.

ಮುಟ್ಟುವ ಮೇಜಿನ ವಿಷಯ ಚುಟುಕಾಗಿ ಹೇಳುತ್ತೇನೆ. ಕಬ್ಬಿಣದ ಶಿಲೆಯ ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಅಯಸ್ಕಾಂತ ಇಟ್ಟೆವು, ಎರಡೇ ದಿನದಲ್ಲಿ ಹೋಯಿತು. ಸರಪಳಿ ಹಾಕಿದೆವು, ಉಳಿಯಿತು. ಉಗುರಿನಿಂದ ಗೀಚಿದರೂ ಗೆರೆ ಬೀಳುವ ಬಳಪದ ಕಲ್ಲಿನ ತುಂಡನ್ನು ಇಟ್ಟು, ಲಕ್ಕುಂಡಿಯ ಶಿಲ್ಪಿಗಳು ಅಷ್ಟು ನವಿರಾದ ಕೆತ್ತನೆಗೆ ಇಂಥ ಮೆದು ಕಲ್ಲನ್ನೇ ಆರಿಸಿಕೊಂಡದ್ದೇಕೆಂದು ಕೇಳಿದೆವು. ಮುಚ್ಚಳ ಬಿಗಿದ ಬಾಟಲಿಯಲ್ಲಿ ಮರಳು, ಎರೆ ಮಣ್ಣು, ನೀರು ಇದ್ದವು. ಬಾಟಲಿ ತಿರುಗಿಸಿ ಇಟ್ಟರೆ ದಪ್ಪ ಕಣ ಕೆಳಗೆ, ಸಣ್ಣ ಕಣ ಮೇಲೆ ಕೂರುತ್ತದೆ. ಗ್ರೇವ್ಯಾಕ್ ಕಲ್ಲಿನ ಪದರಗಳಲ್ಲೂ ಅದೇ ಕ್ರಮ ಕಾಣುವುದರಿಂದ, ಕೆಸರು ಬೆರೆತ ನೀರು ಕಡಲ ಇಳಿಜಾರಿನಲ್ಲಿ ನುಗ್ಗಿ ನಿಂತ ದಿನವನ್ನು ಮಕ್ಕಳು ಕೈಯಲ್ಲೇ ಹಿಡಿದಿರುತ್ತಾರೆ.

ಸ್ಟ್ರೊಮ್ಯಾಟೊಲೈಟ್ ಕಲ್ಲಿನ ಹೆಸರು ಯಾರ ಬಾಯಲ್ಲೂ ಹೊರಳಲಿಲ್ಲ. ನಮ್ಮಲ್ಲಿದ್ದದ್ದು ಬಾಗಲಕೋಟೆ ಜಿಲ್ಲೆಯ ಕಲಾದಗಿ ಶಿಲಾಸಮೂಹದ ಸುಣ್ಣದ ಕಲ್ಲಿನ ತುಂಡು, ಅಡ್ಡ ಕೊಯ್ದು ಹೊಳಪು ಕೊಟ್ಟದ್ದು. ಇದಕ್ಕಿಂತ ಬಹಳ ಹಳೆಯವು ಶಿವಮೊಗ್ಗ ಜಿಲ್ಲೆಯ ಕುಂಸಿಯ ಕಡೆ ಇವೆ. ಹುಡುಗನೊಬ್ಬ ನೋಡಿದವನೇ ‘ಉಳ್ಳಾಗಡ್ಡಿ ಹೆಚ್ಚಿಧಂಗ ಐತಿ’ ಎಂದ. ಮರುದಿನದಿಂದ ಫಲಕದ ಮೊದಲ ಸಾಲು ಅದೇ ಆಯಿತು: ಉಳ್ಳಾಗಡ್ಡಿಯಂತೆ ಕಾಣುವ ಈ ಪದರಗಳನ್ನು ಕಟ್ಟಿದ್ದು ಕಣ್ಣಿಗೆ ಕಾಣದ ಜೀವಿಗಳ ಹಾಸು. ನಮ್ಮ ನೆಲದ ಪಳೆಯುಳಿಕೆಯೆಂದರೆ ಇದು. ಎಲುಬಿಲ್ಲ, ಚಿಪ್ಪಿಲ್ಲ, ನಾವು ಉಸಿರಾಡುವ ಆಮ್ಲಜನಕವನ್ನು ಗಾಳಿಗೆ ಮೊದಲು ತುಂಬಿದ್ದು ಮಾತ್ರ ಇಂಥ ಹಾಸುಗಳ ಸಯಾನೋಬ್ಯಾಕ್ಟೀರಿಯಾ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇವುಗಳ ಬಂಧುಗಳು ಇಂದಿಗೂ ಜೀವಂತವಾಗಿವೆ.

ಸಾಲಿಗ್ರಾಮದ ಪ್ರಶ್ನೆ

ಮುಟ್ಟುವ ಮೇಜಿನ ಮೇಲಿದ್ದ ಕಪ್ಪನೆಯ ಅಮ್ಮೊನೈಟ್ ಒಂದನ್ನು ತಿರುಗಿಸಿ ನೋಡುತ್ತಿದ್ದ ಹುಡುಗಿ ಥಟ್ಟನೆ ಅದನ್ನು ಕೆಳಗಿಟ್ಟು ಕೈ ಒರೆಸಿಕೊಂಡು, ‘ಇದು ನಮ್ಮ ಅಜ್ಜಿ ದೇವರ ಮನ್ಯಾಗಿನ ಸಾಲಿಗ್ರಾಮದ್ಹಂಗ ಅದರೀ, ಮುಟ್ಟಬಹುದೇನು?’ ಎಂದಳು. ಜೊತೆಗಿದ್ದ ಶಿಕ್ಷಕರು ನಮ್ಮ ಮುಖ ನೋಡಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹುಡುಗಿ ಕಂಡದ್ದು ಸರಿಯೇ ಇತ್ತು. ನೇಪಾಳದ ಗಂಡಕೀ ನದಿಯಲ್ಲಿ ಸಿಗುವ ಸಾಲಿಗ್ರಾಮಗಳಲ್ಲಿ ಹಲವು, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದಲ್ಲಿ ಜುರಾಸಿಕ್ ಕಾಲದಲ್ಲಿ ಬದುಕಿದ್ದ ಅಮ್ಮೊನೈಟ್‌ಗಳ ಗುರುತು ಹೊತ್ತವು. ಭಕ್ತರು ಚಕ್ರವೆಂದು ಕಾಣುವುದು ಆ ಸುರುಳಿ ಚಿಪ್ಪನ್ನು. ಇದನ್ನು ಹೇಳಿದರೆ ಯಾರಿಗಾದರೂ ನೋವಾದೀತೆಂದು ಸಮಿತಿಯ ಕೆಲವರು ಅಂಜಿದರು. ಹೇಳದಿದ್ದರೆ ನೂರಾರು ಮನೆಗಳ ದೇವರ ಕೋಣೆಯಲ್ಲೇ ಇರುವ ಪಳೆಯುಳಿಕೆಯ ಸುಳಿವನ್ನು ಕೈಯಾರೆ ಬಿಟ್ಟಂತಾಗುತ್ತಿತ್ತು. ಕೊನೆಗೆ ಸಂಸ್ಥೆಗೆ ಹತ್ತಿರದವರಾದ, ನಿತ್ಯ ಪೂಜೆಯ ಹಿರಿಯ ಆಚಾರ್ಯರೊಬ್ಬರನ್ನು ಕೇಳಿದೆವು. ಅವರು ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ, ‘ಪೂಜಾದ ಸಾಲಿಗ್ರಾಮ ತಂದು ಇಲ್ಲಿ ಇಡಬ್ಯಾಡ್ರಿ. ಹೇಳೋದನ್ನ ಹೇಳ್ರಿ, ಅದರಾಗ ತಪ್ಪೇನದ?’ ಎಂದರು. ಹಾಗೆಯೇ ಮಾಡಿದೆವು. ಪ್ರದರ್ಶನದಲ್ಲಿ ಸಾಲಿಗ್ರಾಮವಿಲ್ಲ, ಫಲಕದಲ್ಲಿ ಅದರ ಮಾತಿದೆ, ಏಕವಚನವಾಗಲಿ ಹಾಸ್ಯವಾಗಲಿ ಇಲ್ಲ. ಈವರೆಗೆ ಯಾರೂ ಆಕ್ಷೇಪ ಎತ್ತಿಲ್ಲ. ಅಜ್ಜಿಯರನ್ನು ಕರೆತಂದ ಮೊಮ್ಮಕ್ಕಳು ಮಾತ್ರ ಹೆಚ್ಚಾಗಿದ್ದಾರೆ.

ಎಲೆ

ಈ ಪ್ರಕರಣವನ್ನು ಬರೆಯಲು ನಿಜವಾದ ಕಾರಣ ಮುಂದಿನ ಘಟನೆ.

ಗದಗ ಕಡೆಯ ಒಬ್ಬ ನಿವೃತ್ತ ಪ್ರೌಢಶಾಲಾ ಮಾಸ್ತರರು ಪ್ರದರ್ಶನದ ಸುದ್ದಿ ಕೇಳಿ ತಮ್ಮ ಬಳಿಯಿದ್ದ ಕಲ್ಲೊಂದನ್ನು ದಾನವಾಗಿ ತಂದರು. ಅಂಗೈ ಅಗಲದ, ತಿಳಿ ಕಂದು ಬಣ್ಣದ ಚಪ್ಪಟೆ ಕಲ್ಲು. ಅದರ ಮೇಲೆ ಕಪ್ಪು ಮಸಿಯಲ್ಲಿ ಬರೆದಂತೆ ಜರೀಗಿಡದ ಎಲೆಯೊಂದು ಕವಲು ಕವಲಾಗಿ ಹರಡಿತ್ತು. ಚಿಕ್ಕಂದಿನಲ್ಲಿ ಹೊಲದ ಬದುವಿನಲ್ಲಿ ಸಿಕ್ಕದ್ದಂತೆ. ವೃತ್ತಿಯುದ್ದಕ್ಕೂ ಪಳೆಯುಳಿಕೆಯ ಪಾಠ ಬಂದಾಗಲೆಲ್ಲ ಅವರು ಅದನ್ನು ತರಗತಿಗೆ ಒಯ್ದು ತೋರಿಸಿದ್ದರು. ಹತ್ತಿಯಲ್ಲಿ ಸುತ್ತಿ, ಹಳೆಯ ಕನ್ನಡಕದ ಡಬ್ಬಿಗಿಂತ ತುಸು ದೊಡ್ಡದಾದ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು.

ನಾವು ಸಣ್ಣ ಸಭೆ ಕರೆದು, ಶಾಲು ಹೊದಿಸಿ, ಚಹಾ ಕೊಟ್ಟೆವು. ಕಲ್ಲು ಕೈಯಿಂದ ಕೈಗೆ ಹೋಗುತ್ತ ನಮಗೆ ನೆರವಾಗುತ್ತಿದ್ದ ಪದವಿ ವಿದ್ಯಾರ್ಥಿಯ ಬಳಿ ಬಂತು. ಅವನು ಮಸೂರ ಹಿಡಿದು ಎರಡು ಕ್ಷಣ ನೋಡಿ, ಎಲ್ಲರೆದುರಿಗೆ, ‘ಇದು ಎಲಿ ಅಲ್ಲ ಬಿಡ್ರಿ ಸರ, ಮ್ಯಾಂಗನೀಸ್ ಕಲಿ’ ಎಂದುಬಿಟ್ಟ. ಮಾಸ್ತರರು ಚಹಾದ ಲೋಟ ಕೆಳಗಿಟ್ಟರು. ಸ್ವಲ್ಪ ಹೊತ್ತಿಗೆ ಬಸ್ಸಿನ ನೆಪ ಹೇಳಿ ಎದ್ದರು. ಶಾಲು ಕುರ್ಚಿಯ ಮೇಲೆಯೇ ಉಳಿಯಿತು.

ವಿದ್ಯಾರ್ಥಿ ಹೇಳಿದ್ದು ನೂರಕ್ಕೆ ನೂರು ನಿಜ. ಕಲ್ಲಿನ ಸೀಳಿನೊಳಗೆ ನೀರು ಇಂಗುವಾಗ ಅದರಲ್ಲಿ ಕರಗಿದ್ದ ಮ್ಯಾಂಗನೀಸ್ ಆಕ್ಸೈಡಾಗಿ ಕೂರುತ್ತ, ಗಿಡದಂತೆ ಕವಲೊಡೆದು ಬೆಳೆಯುತ್ತದೆ. ಇದಕ್ಕೆ ಡೆಂಡ್ರೈಟ್ ಎಂದು ಹೆಸರು. ಮಸೂರದಲ್ಲಿ ನೋಡಿದರೆ ಎಲೆಗಿರಬೇಕಾದ ನಡುನರವಿಲ್ಲ, ತೊಟ್ಟಿಲ್ಲ, ಅಂಚಿಲ್ಲ. ಕವಲುಗಳು ಕಲ್ಲಿನ ಬಿರುಕಿನ ಅಂಚಿನಿಂದ ಹೊರಟಿವೆ. ಎಲೆ ಬಿದ್ದಿದ್ದರೆ ಪದರಿನ ಮೇಲೆ ಮಲಗಬೇಕಿತ್ತು. ಈ ಚಿತ್ರ ಪದರನ್ನು ಕತ್ತರಿಸಿಕೊಂಡು ಹೋಗುವ ಸೀಳಿನ ಮೇಲಿದೆ. ಇವೆಲ್ಲಕ್ಕಿಂತ ಮೇಲಾಗಿ, ಆ ಸೀಮೆಯ ಶಿಲೆ 250 ಕೋಟಿ ವರ್ಷಕ್ಕಿಂತ ಹಳೆಯದು. ನೆಲದ ಮೇಲೆ ಗಿಡಗಳು ಬಂದದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ. ಬಸ್ಸಿನ ಲೆಕ್ಕದಲ್ಲಿ ನವನಗರದಲ್ಲಿ ನಿಂತು ಧಾರವಾಡ ನಿಲ್ದಾಣದ ಸಮೀಪದ ಮರದ ಎಲೆ ಹೆಕ್ಕಲಾಗದು.

ನಿಜವನ್ನು ಹೇಳಿದ ರೀತಿ ಮಾತ್ರ ತಪ್ಪಾಗಿತ್ತು, ಆ ತಪ್ಪು ಹುಡುಗನದಲ್ಲ. ದಾನ ಬಂದ ವಸ್ತುವನ್ನು ಸನ್ಮಾನಕ್ಕೆ ಮೊದಲು ಒಮ್ಮೆ ಪರೀಕ್ಷಿಸಬೇಕೆಂಬ ಸಾಮಾನ್ಯ ಎಚ್ಚರಿಕೆ ನಮಗಾರಿಗೂ ಹೊಳೆದಿರಲಿಲ್ಲ.

ಮುಂದೇನೆಂಬುದರ ಬಗ್ಗೆ ಮೂರು ಸಲಹೆಗಳು ಬಂದವು. ಕಲ್ಲನ್ನು ಸದ್ದಿಲ್ಲದೆ ಕಪಾಟಿನ ಒಳಗಿಡುವುದು. ಕ್ಷಮೆ ಕೇಳಿ ಹಿಂದಿರುಗಿಸುವುದು. ಎಲೆಯ ಪಳೆಯುಳಿಕೆ ಎಂಬ ಫಲಕದೊಡನೆ ಒಂದಷ್ಟು ದಿನ ಇಟ್ಟು ಆಮೇಲೆ ತೆಗೆಯುವುದು. ಮೂರನೆಯದನ್ನು ಸೂಚಿಸಿದವರು ಸಜ್ಜನರೇ, ಮಾಸ್ತರರ ಮನಸ್ಸು ಉಳಿಯಲೆಂದು ಹೇಳಿದ್ದರು. ಉಪನ್ಯಾಸಕಿಯವರು ಬೇರೆಯದೇ ಹೇಳಿದರು: ಇಡೀ ಕೋಣೆಯಲ್ಲಿ ಪಳೆಯುಳಿಕೆ ಸಂಶೋಧನೆ ಎಂದರೇನೆಂದು ತೋರಿಸುವ ವಸ್ತು ಇದೊಂದೇ, ಉಳಿದವೆಲ್ಲ ಸಂಶೋಧನೆ ಮುಗಿದ ಮೇಲಿನ ಉತ್ತರಗಳು. ಆದರೆ ಮಾಸ್ತರರು ಒಪ್ಪದ ಹೊರತು ಇಡಕೂಡದು.

ಎರಡು ವಾರ ಬಿಟ್ಟು ಉಪನ್ಯಾಸಕಿಯವರೂ ನಾನೂ ಅವರ ಮನೆಗೆ ಹೋದೆವು. ಶಾಲಿನ ಜೊತೆಗೆ ಮಸೂರ, ಎರಡು ಗಾಜಿನ ಚೌಕಗಳು, ಗೋಂದು ಬೆರೆಸಿದ ಕಪ್ಪು ಪೋಸ್ಟರ್ ಬಣ್ಣ ಒಯ್ದಿದ್ದೆವು. ವಾದ ಮಾಡಲಿಲ್ಲ. ಒಂದು ಗಾಜಿನ ನಡುವೆ ಬಣ್ಣದ ಹನಿ ಬಿಟ್ಟು, ಮೇಲೆ ಇನ್ನೊಂದು ಗಾಜನ್ನು ಒತ್ತಿ, ನಿಧಾನವಾಗಿ ಎರಡನ್ನೂ ಎತ್ತಿ ಬೇರೆ ಮಾಡಲು ಮಾಸ್ತರರ ಕೈಗೇ ಕೊಟ್ಟೆವು. ಗಾಜುಗಳು ಬೇರೆಯಾಗುವಾಗ ಅಂಚಿನಿಂದ ಗಾಳಿ ಬಣ್ಣದೊಳಗೆ ನುಗ್ಗಿ, ಎರಡೂ ಗಾಜಿನ ಮೇಲೆ ಜರೀಗಿಡದ ಎಲೆ ಮೂಡಿತು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒರೆಸಿ ಮತ್ತೊಮ್ಮೆ ಮಾಡಿದರು, ಮತ್ತೊಂದು ಎಲೆ. ಆಮೇಲೆ, ‘ಇಷ್ಟು ವರ್ಷ ಹುಡುಗರಿಗೆ ಸುಳ್ಳು ಕಲಿಸಿಧಂಗಾತಲ್ರಿ’ ಎಂದರು. ಪಳೆಯುಳಿಕೆಯ ಪುಸ್ತಕಗಳಲ್ಲಿ ಡೆಂಡ್ರೈಟಿನ ಬಗ್ಗೆ ಎಚ್ಚರಿಕೆಯ ಮಾತು ಇರುವುದೇ ಅದು ಎಷ್ಟೋ ಕಣ್ಣುಗಳನ್ನು ಮೋಸಗೊಳಿಸಿದೆಯೆಂಬ ಕಾರಣಕ್ಕೆ ಎಂದು ಉಪನ್ಯಾಸಕಿಯವರು ಹೇಳಿದರು. ಮಾಸ್ತರರು ಅದಕ್ಕೆ ಉತ್ತರ ಕೊಡಲಿಲ್ಲ. ಊಟ ಮಾಡಿಕೊಂಡೇ ಹೋಗಬೇಕೆಂದರು.

ಹತ್ತು ದಿನದ ಮೇಲೆ ಅಂಚೆಯಲ್ಲಿ ಅವರೇ ಬರೆದ ಫಲಕದ ಪಠ್ಯ ಬಂತು. ‘ಇದು ಎಲೆಯೆಂದು ನಾನು ನಂಬಿದ್ದೆ, ನನ್ನ ವಿದ್ಯಾರ್ಥಿಗಳಿಗೂ ಹಾಗೆಯೇ ಕಲಿಸಿದೆ. ಇದು ಎಲೆಯಲ್ಲ. ಏಕೆ ಅಲ್ಲ ಎಂಬುದನ್ನು ನೀವು ಮಸೂರದಲ್ಲಿ ನೋಡಿ ಹೇಳಿ’ ಎಂದಿತ್ತು. ಒಂದು ಅಕ್ಷರವನ್ನೂ ಬದಲಿಸದೆ ಅವರ ಕೈಬರಹದಲ್ಲೇ ಅದನ್ನು ಹಾಕಿದೆವು.

ನಂತರ ನಡೆದದ್ದು ಮತ್ತು ಅದರಿಂದ ತಿಳಿದದ್ದು

ಆ ಕಲ್ಲು ಬಂದ ಮೇಲೆ ಪ್ರದರ್ಶನದ ರಚನೆಯೇ ತಿರುಗಿತು. ಪ್ರತಿ ಕಪಾಟಿನ ಮುಖ್ಯ ಸಾಲು ‘ಇದು ಏನು’ ಎಂಬುದರ ಬದಲು ‘ಇದು ಗೊತ್ತಾದದ್ದು ಹೇಗೆ’ ಎಂದಾಯಿತು. ವಯಸ್ಸಿನ ಅಂಕಿಯ ಪಕ್ಕದಲ್ಲಿ ಜಿರ್ಕಾನ್ ಹರಳಿನ ದೊಡ್ಡ ಚಿತ್ರ ಬಂತು: ಜ್ವಾಲಾಮುಖಿಯ ಕಲ್ಲು ಹೆಪ್ಪುಗಟ್ಟುವಾಗ ಆ ಹರಳು ಯುರೇನಿಯಮ್ಮನ್ನು ಒಳಗೆ ಸೇರಿಸಿಕೊಂಡು ಸೀಸವನ್ನು ಹೊರಗಿಡುತ್ತದೆ, ಒಳಗಿನ ಯುರೇನಿಯಮ್-238 ಸುಮಾರು 447 ಕೋಟಿ ವರ್ಷಕ್ಕೆ ಅರ್ಧದಷ್ಟು ಸೀಸವಾಗುತ್ತ ಹೋಗುವುದರಿಂದ, ಎರಡರ ಪ್ರಮಾಣ ಅಳೆದು ಹರಳಿನ ಹುಟ್ಟನ್ನು ಲೆಕ್ಕ ಹಾಕಬಹುದು. ಗ್ರೇವ್ಯಾಕ್ ಕಲ್ಲನ್ನು 0.03 ಮಿಲಿಮೀಟರಿಗೆ, ತಲೆಗೂದಲಿಗಿಂತ ತೆಳ್ಳಗೆ, ಉಜ್ಜಿ ಅಂಟಿಸಿದ ಗಾಜಿನ ಪಟ್ಟಿಯೊಂದನ್ನು ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಇಟ್ಟೆವು. ಹಾಳೆ ತಿರುಗಿಸಿದರೆ ಮಂಕು ಕಲ್ಲಿನೊಳಗಿನ ಚೂರುಗಳು ಒಂದೊಂದಾಗಿ ಬೆಳಗಿ ಆರುತ್ತವೆ. ಗಾಜಿನ ಚೌಕ ಮತ್ತು ಕಪ್ಪು ಬಣ್ಣದ ಆಟದ ಮುಂದೆ ಸಾಲು ಹತ್ತುತ್ತದೆ. ಬಣ್ಣದಲ್ಲಿ ಎಲೆ ಮೂಡುವ ಕಾರಣವೂ ಕಲ್ಲಿನಲ್ಲಿ ಮೂಡುವ ಕಾರಣವೂ ಒಂದೇ ಅಲ್ಲ, ರೂಪ ಮಾತ್ರ ಹೋಲುತ್ತದೆ ಎಂಬ ಸಾಲನ್ನು ಅಲ್ಲಿ ಸೇರಿಸಬೇಕೆಂದು ಹಟ ಹಿಡಿದವನು ಆ ವಿದ್ಯಾರ್ಥಿಯೇ. ಅವನ ಮಾತನ್ನು ಈ ಸಲ ಸಭೆಗೆ ಮೊದಲೇ ಕೇಳಿಸಿಕೊಂಡೆವು.

ಇಂಥ ಕೆಲಸಕ್ಕೆ ಕೈಹಾಕುವವರು ನಮ್ಮಿಂದ ಏನಾದರೂ ತೆಗೆದುಕೊಳ್ಳುವುದಿದ್ದರೆ, ಮೊದಲು ಫಲಕದ ಕ್ರಮವನ್ನು ತೆಗೆದುಕೊಳ್ಳಲಿ. ನಾವು ಹಣ ಕೊಟ್ಟು ಗಟ್ಟಿ ಹಲಗೆಯ ಮೇಲೆ ಮುದ್ರಿಸಿದ ಫಲಕಗಳೆಲ್ಲ ರದ್ದಿಯಾದವು. ಉಳಿದದ್ದು ಸಾದಾ ಹಾಳೆಯ ಮೇಲೆ ಬರೆದು, ಒಂದು ತಿಂಗಳು ಗೋಡೆಗಂಟಿಸಿ, ಓದಿದವರ ಪ್ರಶ್ನೆ ಕೇಳಿ ತಿದ್ದಿದವು. ಎರಡನೆಯದು ತುಸು ಕಷ್ಟದ್ದು. ಸ್ಥಳೀಯ ನೆಲದಲ್ಲಿ ಇಲ್ಲದ್ದನ್ನು ಮುಚ್ಚಿಟ್ಟರೆ ನೋಡುಗರು ನಿರಾಶರಾಗುತ್ತಾರೆ. ಏಕೆ ಇಲ್ಲವೆಂದು ತೋರಿಸಿದರೆ ಆ ಇಲ್ಲದಿರುವಿಕೆಯೇ ಅವರನ್ನು ಹಿಡಿದು ನಿಲ್ಲಿಸುತ್ತದೆ. ದಾನಿಯ ಗೌರವ ಮತ್ತು ವಸ್ತುವಿನ ನಿಜ ಎದುರುಬದುರಾದಾಗ ಕಾಲಾವಕಾಶವೂ ಮನೆಯ ಅಂಗಳವೂ ಮಾಡುವ ಕೆಲಸವನ್ನು ಸಭೆ ಮಾಡಲಾರದು ಎಂಬುದನ್ನು ನಾವು ಶಾಲು ಕುರ್ಚಿಯ ಮೇಲೆ ಉಳಿದ ದಿನ ಕಲಿತೆವು.

ಬಗೆಹರಿಯದ್ದೂ ಇದೆ. ಕಪ್ಪತ್ತಗುಡ್ಡದ ಕಬ್ಬಿಣದ ಪಟ್ಟೆಗಳ ಫಲಕವನ್ನು ಈಗ ನಾಲ್ಕನೆಯ ಸಲ ಬದಲಿಸುತ್ತಿದ್ದೇವೆ. ಸೂಕ್ಷ್ಮಜೀವಿಗಳು ಬಿಟ್ಟ ಆಮ್ಲಜನಕದಿಂದ ಕಡಲಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ತಳ ಸೇರಿತೆಂದು ಮೊದಲು ಖಂಡಿತವಾಗಿ ಬರೆದಿದ್ದೆವು. ಆದರೆ ಗಾಳಿಯಲ್ಲಿ ಆಮ್ಲಜನಕ ಗಣನೀಯವಾಗಿ ಏರಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಈ ಪಟ್ಟೆಗಳು ಅದಕ್ಕಿಂತ ಹಳೆಯವು. ಆಮ್ಲಜನಕವಿಲ್ಲದೆಯೇ ಬೆಳಕಿನ ನೆರವಿನಿಂದ ಕಬ್ಬಿಣವನ್ನು ತುಕ್ಕಾಗಿಸುವ ಬ್ಯಾಕ್ಟೀರಿಯಾಗಳೂ ಇವೆಯಾದ್ದರಿಂದ ವಿಜ್ಞಾನಿಗಳಲ್ಲೇ ಚರ್ಚೆ ನಡೆದಿದೆ. ಎರಡು ವಿವರಣೆಗಳನ್ನೂ ಅಕ್ಕಪಕ್ಕ ಬರೆದರೆ ಮಕ್ಕಳು ಗೊಂದಲಗೊಳ್ಳುತ್ತಾರೆಂದು ಶಿಕ್ಷಕರು ಹೇಳುತ್ತಾರೆ, ಒಂದನ್ನೇ ಬರೆಯಲು ಉಪನ್ಯಾಸಕಿಯವರು ಒಪ್ಪುವುದಿಲ್ಲ.

ಮಾಸ್ತರರ ಕಲ್ಲಿನ ಪಕ್ಕದಲ್ಲಿ ಊರಿನವರು ತಂದ ಕಲ್ಲುಗಳಿಗೆಂದು ಒಂದು ಖಾನೆ ಬಿಟ್ಟಿದ್ದೇವೆ. ಕಳೆದ ಮಳೆಗಾಲಕ್ಕೆ ಮೊದಲು ಕುಂದಗೋಳದ ಕಡೆಯ ರೈತರೊಬ್ಬರು ಎರೆ ಹೊಲದಲ್ಲಿ ಸಿಕ್ಕ, ಬೆಳ್ಳಗೆ ಗುಂಡಗಿದ್ದ ಗಂಟೊಂದನ್ನು ಟವಲಿನಲ್ಲಿ ಕಟ್ಟಿಕೊಂಡು ಬಂದು ಡೈನೋಸಾರ್ ತತ್ತಿಯೇ ನೋಡಿರೆಂದು ಮೇಜಿನ ಮೇಲಿಟ್ಟರು. ಉಪನ್ಯಾಸಕಿಯವರು ಅವರ ಕೈಗೇ ಮಸೂರ ಕೊಟ್ಟರು, ಸಣ್ಣ ಚೂರೊಂದರ ಮೇಲೆ ಅವರಿಂದಲೇ ತೆಳು ಆಮ್ಲದ ಹನಿ ಬಿಡಿಸಿದರು. ಬುರುಬುರು ನೊರೆ ಬಂತು. ಒಡೆದು ನೋಡಿದರೆ ಚಿಪ್ಪಿನ ಪದರವಿಲ್ಲ. ಎರೆ ಮಣ್ಣಿನಲ್ಲಿ ತಾನೇ ಕಟ್ಟಿಕೊಳ್ಳುವ ಸುಣ್ಣದ ಗಂಟು. ಅವರು ನಕ್ಕು, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಚೀಟಿ ಬರೆಯುತ್ತಿದ್ದ ಹುಡುಗನ ಬಳಿ ಹೋಗಿ ನಿಂತರು. ‘ತತ್ತಿ ಅಲ್ಲ ಅಂತನ ಬರಿ ತಮ್ಮಾ. ಆದ್ರ ಊರ ಹೆಸರು, ಯಾವ ಹೊಲ ಅನ್ನೂದು ಬರಾಬರಿ ಬರಿ.’